ಗಾಡಿ ಎತ್ತಿದರೂ ಹೌಸಿಂಗ್ ಏಳುವುದಿಲ್ಲ

ಹಳೆಯ ಫೋರ್ ವೀಲ್ ಡ್ರೈವ್ ಪಿಕಪ್ ತಂದು ನಿಲ್ಲಿಸುವವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಎಷ್ಟು ಇಂಚು ಎತ್ತಬಹುದು?" ಬಾಗಿಲು ಪೂರ್ತಿ ಹಾಕಿರುವುದಿಲ್ಲ, ಪ್ರಶ್ನೆ ಬಂದಾಗಿರುತ್ತದೆ. "ಏನನ್ನು ಎತ್ತಬೇಕು?" ಅಂತ ನಾನು ತಿರುಗಿ ಕೇಳುತ್ತೇನೆ. ಮುಖ ಮುಖ ನೋಡುತ್ತಾರೆ. ಗಾಡಿಯನ್ನು, ಇನ್ನೇನನ್ನು! ತಳಕ್ಕೆ ಕಲ್ಲು ತಗಲಬಾರದು, ಅಷ್ಟೇ ತಾನೇ?

ಸರಿ, ಕಲ್ಲು ತಗಲುವುದು ಯಾವುದಕ್ಕೆ? ಒಮ್ಮೆ ಮಂಡಿಯೂರಿ ಗಾಡಿಯ ಹಿಂಬದಿಯಿಂದ ಬಗ್ಗಿ ನೋಡಿ. ಎರಡು ಚಕ್ರಗಳ ನಡುವೆ ಅಡ್ಡಲಾಗಿ ದಪ್ಪನೆಯ ಹೌಸಿಂಗ್, ಅಂದರೆ ಆಕ್ಸಲ್‌ನ ಕವಚ ಇದೆ. ಅದರ ಮಧ್ಯದಲ್ಲಿ ಗುಂಡಗೆ ಉಬ್ಬಿದ ಹೊಟ್ಟೆ, ಒಳಗೆ ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್. ಇಂಥ ಗಾಡಿಯಲ್ಲಿ ಸಾಮಾನ್ಯವಾಗಿ ನೆಲಕ್ಕೆ ಎಲ್ಲಕ್ಕಿಂತ ಹತ್ತಿರ ಇರುವುದು ಆ ಹೊಟ್ಟೆಯೇ. ಹೌಸಿಂಗ್‌ನ ಎರಡೂ ತುದಿಗೆ ಚಕ್ರ ಇದೆ. ಚಕ್ರ ನೆಲದ ಮೇಲೆ ನಿಂತಿದೆ. ಸ್ಪ್ರಿಂಗ್ ಇರುವುದು ಹೌಸಿಂಗ್‌ಗೂ ಗಾಡಿಯ ಚೌಕಟ್ಟಾದ ಚಾಸಿಗೂ ನಡುವೆ. ಈಗ ಸ್ಪ್ರಿಂಗ್ ಬದಲಿಸಿ ನಾಲ್ಕು ಇಂಚು ಎತ್ತಿದಿರಿ ಅಂದುಕೊಳ್ಳಿ. ಚಾಸಿ ಏಳುತ್ತದೆ, ಬಾಡಿ ಏಳುತ್ತದೆ, ಗೇರ್ ಬಾಕ್ಸ್ ಏಳುತ್ತದೆ. ಹೌಸಿಂಗ್ ಮಾತ್ರ ಇದ್ದಲ್ಲೇ ಇರುತ್ತದೆ. ಪಂಚೆ ಎತ್ತಿ ಕಟ್ಟಿದ ಮಾತ್ರಕ್ಕೆ ಕಾಲು ಉದ್ದ ಆಗುತ್ತದಾ?

ಇಷ್ಟು ಹೇಳಿದ ಮೇಲೂ ತಲೆ ಆಡಿಸಿ, "ಹಾಗಾದ್ರೆ ನಾಲ್ಕರ ಬದಲು ಆರು ಇಂಚು ಮಾಡೋಣ" ಅನ್ನುತ್ತಾರೆ. ಆರಲ್ಲ, ಅರವತ್ತು ಮಾಡಿ. ಕಲ್ಲಿಗೂ ಹೊಟ್ಟೆಗೂ ಇರುವ ಜಾಗ ಒಂದು ನೂಲಿನಷ್ಟೂ ಹೆಚ್ಚುವುದಿಲ್ಲ.

ಬಾಯಿ ಮಾತಿನಲ್ಲಿ ಆಗದಿದ್ದಾಗ ಟೇಪ್ ತೆಗೆಯುತ್ತೇನೆ. ಡಿಫರೆನ್ಷಿಯಲ್ ಹೊಟ್ಟೆಯ ತಳದಿಂದ ನೆಲದವರೆಗೆ ಅಳತೆ ತೆಗೆದು ಅವರ ಕೈಯಲ್ಲೇ ಬರೆಸುತ್ತೇನೆ. ಆಮೇಲೆ ಹೌಸಿಂಗ್‌ಗಲ್ಲ, ಚಾಸಿಗೆ ಜಾಕ್ ಕೊಟ್ಟು ಮೆಲ್ಲಗೆ ಎತ್ತುತ್ತೇನೆ. ಹಿಂದಿನ ಭಾಗ ಏಳುತ್ತಾ ಹೋಗುತ್ತದೆ, ಸ್ಪ್ರಿಂಗ್ ಬಾಗು ಬಿಚ್ಚಿಕೊಳ್ಳುತ್ತದೆ. ಚಕ್ರ ಇನ್ನೂ ನೆಲ ಬಿಟ್ಟಿರುವುದಿಲ್ಲ. ಆಗ ಮತ್ತೆ ಅಳೆಯಲು ಹೇಳುತ್ತೇನೆ. ಅದೇ ಅಂಕಿ. ಕೆಲವರು ಟೇಪನ್ನೇ ಅನುಮಾನದಿಂದ ನೋಡುತ್ತಾರೆ.

ಹೌಸಿಂಗ್ ಏಳಬೇಕಾದರೆ ದೊಡ್ಡ ಟೈರ್ ಬೇಕು. ಯೂನಿಮಾಗ್‌ನಂಥ ಗಾಡಿಗಳಲ್ಲಿ ಪೋರ್ಟಲ್ ಆಕ್ಸಲ್ ಇರುತ್ತದೆ, ಚಕ್ರದ ನಡುವಿಗಿಂತ ಹೌಸಿಂಗ್ ಮೇಲಿರುತ್ತದೆ. ನಿಮ್ಮ ಪಿಕಪ್‌ನಲ್ಲಿ ಅದಿಲ್ಲ, ಬಿಡಿ. ಟೈರ್‌ನಲ್ಲೂ ಸಿಗುವುದು ಅರ್ಧ ಲೆಕ್ಕ. 235/75 ಆರ್ 15 ಟೈರ್‌ನ ಎತ್ತರ ಸುಮಾರು 733 ಮಿಲಿಮೀಟರ್, ಅಂದರೆ 29 ಇಂಚಿಗೆ ಸ್ವಲ್ಪ ಕಡಿಮೆ. ಅದನ್ನು ತೆಗೆದು 31 ಇಂಚಿನದು ಹಾಕಿದರೆ 787 ಮಿಲಿಮೀಟರ್. ವ್ಯತ್ಯಾಸ 54. ಆಕ್ಸಲ್ ಇರುವುದು ಟೈರ್‌ನ ಮಧ್ಯದಲ್ಲಿ ಅಲ್ವಾ? ಹಾಗಾಗಿ ಹೌಸಿಂಗ್ ಏಳುವುದು 27, ಒಂದಿಂಚು ಚಿಲ್ಲರೆ. ಇದು ಕಡಿಮೆ ಅನ್ನಿಸಬಹುದು. ಹೊಟ್ಟೆ ಉಜ್ಜುವ ಕಲ್ಲಿನ ಮೇಲೆ ಆ ಒಂದಿಂಚು ಬಹಳ ದೊಡ್ಡದು.

ಹಾಗಾದರೆ ಗಾಡಿ ಎತ್ತುವ ಈ ಲಿಫ್ಟ್ ದಂಡವಾ? ಅಲ್ಲ. ದೊಡ್ಡ ಟೈರ್ ತಿರುಗುವಾಗ ಮತ್ತು ಮೇಲೆದ್ದಾಗ ಮಡ್‌ಗಾರ್ಡ್‌ಗೆ ಉಜ್ಜದಂತೆ ಜಾಗ ಮಾಡಿಕೊಡುವುದು ಲಿಫ್ಟ್‌ನ ಮುಖ್ಯ ಕೆಲಸ. ಜೊತೆಗೆ ದಿಬ್ಬ ಹತ್ತುವಾಗ ಮುಂದಿನ ಬಂಪರ್, ಇಳಿಯುವಾಗ ಹಿಂದಿನ ಬಂಪರ್, ದಿಬ್ಬದ ನೆತ್ತಿಯಲ್ಲಿ ಗಾಡಿಯ ನಡುಭಾಗ ತಗಲುವುದು ಕಡಿಮೆಯಾಗುತ್ತದೆ. ಅಂದರೆ ಮೊದಲು ಟೈರ್ ತೀರ್ಮಾನ ಆಗಬೇಕು. ಆ ಟೈರ್‌ಗೆ ಎಷ್ಟು ಜಾಗ ಬೇಕೋ ಅಷ್ಟೇ ಲಿಫ್ಟ್. ಹಳೆಯ ಮಧ್ಯಮ ಗಾತ್ರದ ಪಿಕಪ್‌ಗೆ 31 ಇಂಚಿನ ಟೈರ್ ಸಾಕು ಅನ್ನುವವರಿಗೆ ಸಾಮಾನ್ಯವಾಗಿ ಎರಡು ಇಂಚಿನ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ಗಾಡಿ ನೋಡದೆ ಇದಕ್ಕಿಂತ ಗಟ್ಟಿಯಾಗಿ ನಾನು ಹೇಳುವುದಿಲ್ಲ. ರಿಮ್‌ನ ಅಗಲ, ಆಫ್‌ಸೆಟ್ (ಚಕ್ರ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತದೆ ಅನ್ನುವುದು) ಬದಲಾದರೆ ಲೆಕ್ಕವೂ ಬದಲು.

ಟೈರ್ ದೊಡ್ಡದಾದರೆ ಗೇರಿನ ಲೆಕ್ಕವೂ ಹೋಯಿತು ಅನ್ನುವುದು ನೆನಪಿರಲಿ. ಆಕ್ಸಲ್ ಗೇರಿನಲ್ಲಿ 4.10 ರೇಶಿಯೋ ಇರುವ ಗಾಡಿ ಮೇಲಿನ ಬದಲಾವಣೆಯ ನಂತರ ಹೆಚ್ಚುಕಡಿಮೆ 3.82 ಇರುವಂತೆ ಓಡುತ್ತದೆ, ಅಂದರೆ ಎಳೆಯುವ ಶಕ್ತಿ ಕಡಿಮೆ. ವಯಸ್ಸಾದ ಎಂಜಿನ್‌ಗೆ ಏರಿನಲ್ಲಿ ಅದು ಚೆನ್ನಾಗಿ ಗೊತ್ತಾಗುತ್ತದೆ. ಸ್ಪೀಡೋಮೀಟರ್ 60 ತೋರಿಸುವಾಗ ನೀವು 64ರಲ್ಲಿ ಹೋಗುತ್ತಿರುತ್ತೀರಿ.

ಇನ್ನು ಹಳೆಯ ಗಾಡಿಯ ಗುಟ್ಟು. ಹತ್ತಾರು ವರ್ಷ ಭಾರ ಹೊತ್ತ ಲೀಫ್ ಸ್ಪ್ರಿಂಗ್ ಕುಗ್ಗಿಹೋಗಿರುತ್ತದೆ. ನೀವು "ಈಗಿನ ಎತ್ತರ" ಅನ್ನುವುದು ಗಾಡಿಯ ನಿಜವಾದ ಎತ್ತರವೇ ಅಲ್ಲ. ಹಬ್‌ನ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆಯಿರಿ. ಸಮತಟ್ಟಾದ ನೆಲದಲ್ಲಿ, ಖಾಲಿ ಗಾಡಿಯಲ್ಲಿ. ಡ್ರೈವರ್ ಕಡೆ ಸ್ವಲ್ಪ ತಗ್ಗಿರುವುದು ಮಾಮೂಲು. ಮೂರು ಇಂಚು ಬೇಕೇ ಬೇಕು ಅಂತ ಹಟ ಹಿಡಿದಿದ್ದ ಒಬ್ಬ ಹುಡುಗನ ಗಾಡಿಯಲ್ಲಿ ಹಿಂದಿನ ಸ್ಪ್ರಿಂಗ್ ಬಾಗು ಕಳೆದುಕೊಂಡು ಉಲ್ಟಾ ತಿರುಗಿತ್ತು. ಬುಷ್‌ಗಳು ಪುಡಿಪುಡಿ. ಸ್ಪ್ರಿಂಗ್‌ನ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ತುಕ್ಕು ಹಿಡಿದು ಅಲುಗಾಡುತ್ತಲೇ ಇರಲಿಲ್ಲ. ಮೂಲ ಅಳತೆಯ ಹೊಸ ಸ್ಪ್ರಿಂಗ್, ಹೊಸ ಬುಷ್ ಹಾಕಿದೆವು. ಗಾಡಿ ಎಷ್ಟು ಎದ್ದಿತು ಅಂದರೆ, "ಲಿಫ್ಟ್ ಕಿಟ್ ಯಾವ ಕಂಪನಿದು?" ಅಂತ ಅವನ ಗೆಳೆಯರು ಕೇಳಿದರಂತೆ. ಅವನು ನಕ್ಕು ಸುಮ್ಮನಾದನಂತೆ. ಒಳ್ಳೆ ಹುಡುಗ, ಈಗಲೂ ಬರುತ್ತಾನೆ.

ಸ್ಪ್ರಿಂಗ್ ಆರಿಸುವಾಗ ಇಂಚಿಗಿಂತ ತೂಕ ಮುಖ್ಯ. ಒಂದೇ ಎತ್ತರದ ಸ್ಪ್ರಿಂಗ್ ಖಾಲಿ ಗಾಡಿಗೆ ಒಂದು, ಯಾವಾಗಲೂ 300 ಕಿಲೋ ಹೊರುವ ಗಾಡಿಗೆ ಇನ್ನೊಂದು ಅಂತ ಬೇರೆ ಬೇರೆ ಗಡಸಿನಲ್ಲಿ ಬರುತ್ತದೆ. ಜನ ಕನಸಿನ ತೂಕ ಹೇಳುತ್ತಾರೆ. ಮುಂದೆ ವಿಂಚ್ ಹಾಕಿಸ್ತೀನಿ, ಹಿಂದೆ ಟೆಂಟು, ನೀರಿನ ಟ್ಯಾಂಕು, ಇನ್ನೊಂದು ಬ್ಯಾಟರಿ. ಒಬ್ಬರು ಇದೇ ಲೆಕ್ಕದಲ್ಲಿ ಬೇರೆ ಕಡೆ ಗಡಸು ಸ್ಪ್ರಿಂಗ್ ಹಾಕಿಸಿಕೊಂಡಿದ್ದರು. ಟೆಂಟು ಬರಲಿಲ್ಲ, ಟ್ಯಾಂಕೂ ಬರಲಿಲ್ಲ. ಗುಂಡಿ ರಸ್ತೆಯಲ್ಲಿ ಹಿಂದಿನ ಚಕ್ರ ಕುಪ್ಪಳಿಸುತ್ತಿತ್ತು, ಮನೆಯವರು ಕೂರಲು ಒಪ್ಪುತ್ತಿರಲಿಲ್ಲ. ನನ್ನ ಹತ್ತಿರ ಬಂದಾಗ ಹಿಂದೆ ಸಾಲಾಗಿ ಮರಳು ಚೀಲ. "ಇವಿದ್ದರೆ ಚೆನ್ನಾಗಿ ಹೋಗುತ್ತೆ ನೋಡಿ" ಅಂದರು, ಸ್ವಲ್ಪ ಹೆಮ್ಮೆಯಿಂದಲೇ. ದಯವಿಟ್ಟು ಈಗ ಗಾಡಿಯಲ್ಲಿ ಇರುವುದನ್ನು ಹೇಳಿ. ವೇ ಬ್ರಿಡ್ಜ್ ಮೇಲೆ ಮುಂದಿನ, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿಸಿಕೊಂಡು ಬಂದರೆ ಇನ್ನೂ ಒಳ್ಳೆಯದು.

ಮುಂಭಾಗದ ವಿಷಯ ಗಾಡಿಯಿಂದ ಗಾಡಿಗೆ ಬೇರೆ. ಟೊಯೋಟಾ ಹೈಲಕ್ಸ್‌ನ ಉದಾಹರಣೆ ನೋಡಿ. ಅಮೆರಿಕದಲ್ಲಿ ಮಾರಿದ ಫೋರ್ ವೀಲ್ ಡ್ರೈವ್ ಪಿಕಪ್‌ಗೆ 1986ರ ಮಾಡೆಲ್‌ನಿಂದ ಮುಂದೆ ಟಾರ್ಶನ್ ಬಾರ್ ಇಂಡಿಪೆಂಡೆಂಟ್ ಸಸ್ಪೆನ್ಶನ್ ಬಂತು, ಅಂದರೆ ಒಂದೊಂದು ಚಕ್ರವೂ ತನ್ನಷ್ಟಕ್ಕೆ ಏಳುತ್ತದೆ, ತಿರುಚಿಕೊಳ್ಳುವ ಕಂಬಿಯೇ ಸ್ಪ್ರಿಂಗ್. ಬೇರೆ ಕೆಲವು ದೇಶಗಳಲ್ಲಿ 1990ರ ದಶಕದಲ್ಲೂ ಮುಂದೆ ಗಟ್ಟಿ ಆಕ್ಸಲ್, ಲೀಫ್ ಸ್ಪ್ರಿಂಗ್ ಇತ್ತು. ಹೆಸರು ನೋಡಿ ಕಿಟ್ ತರಿಸಿದವರು ಪಾರ್ಸಲ್ ಬಿಚ್ಚಿ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. 1980ರಿಂದ 1996ರವರೆಗಿನ ಫೋರ್ಡ್ ಎಫ್-150ರ ಫೋರ್ ವೀಲ್ ಡ್ರೈವ್‌ನಲ್ಲಿ ಇನ್ನೊಂದು ತರಹ. ಎರಡು ಭಾಗವಾಗಿ ಮಾಡಿದ ಆಕ್ಸಲ್, ಬರೀ ಸ್ಪ್ರಿಂಗ್ ಎತ್ತಿದರೆ ಚಕ್ರ ಓರೆಯಾಗಿ ನಿಲ್ಲುತ್ತದೆ.

ಇಂಡಿಪೆಂಡೆಂಟ್ ಇದ್ದರೆ ಮುಂದಿನ ಡಿಫರೆನ್ಷಿಯಲ್ ಚಾಸಿಗೇ ಕಟ್ಟಿರುತ್ತದೆ. ಹಾಗಾಗಿ ಅದು ಗಾಡಿಯ ಜೊತೆ ಏಳುತ್ತದೆ, ನಿಜ. "ನೋಡಿ ಸರ್, ಏಳುತ್ತೆ!" ಅಂತ ಕೆಲವರು ಇದನ್ನು ಹಿಡಿದುಕೊಂಡು ವಾದಕ್ಕೆ ಬರುತ್ತಾರೆ. ಹಿಂದಿನದು ಏಳಲಿಲ್ಲವಲ್ಲ! ಅದೂ ಅಲ್ಲದೆ ನಾಲ್ಕು, ಆರು ಇಂಚಿನ ಬ್ರಾಕೆಟ್ ಕಿಟ್‌ಗಳು ಆಕ್ಸಲ್ ಶಾಫ್ಟ್‌ನ ಕೋನ ಸರಿಯಾಗಿರಲಿ ಅಂತ ಮುಂದಿನ ಡಿಫರೆನ್ಷಿಯಲ್ಲನ್ನೂ ಕೆಳಗಿಳಿಸಿ ಕಟ್ಟುತ್ತವೆ. ದುಡ್ಡು ಕೊಟ್ಟು ಎತ್ತಿಸಿದ್ದನ್ನು ಅದೇ ಕಿಟ್ ಇಳಿಸಿಬಿಟ್ಟಿತು.

ಟಾರ್ಶನ್ ಬಾರ್‌ನ ಬೋಲ್ಟ್ ತಿರುಗಿಸಿ ಮುಂಭಾಗ ಎತ್ತುವುದು ಎಲ್ಲರಿಗೂ ಗೊತ್ತಿರುವ ಪುಕ್ಕಟೆ ಉಪಾಯ. ಸ್ವಲ್ಪ ತಿರುಗಿಸಿದರೆ ತೊಂದರೆ ಇಲ್ಲ. ಜಾಸ್ತಿ ತಿರುಗಿಸಿದರೆ ಚಕ್ರವನ್ನು ಹಿಡಿದಿರುವ ಮೇಲಿನ ಆರ್ಮ್ ಕೆಳಗಿನ ರಬ್ಬರ್ ಸ್ಟಾಪ್‌ಗೆ ಅಂಟಿಕೊಂಡೇ ನಿಲ್ಲುತ್ತದೆ. ಗುಂಡಿ ಬಂದಾಗ ಚಕ್ರಕ್ಕೆ ಕೆಳಗೆ ಇಳಿಯಲು ಜಾಗವೇ ಇರುವುದಿಲ್ಲ, ಪ್ರತಿ ಗುಂಡಿಗೂ ದಡ್ ಅಂತ ಸದ್ದು. ಬಾರ್ ಗಡಸಾಯಿತು ಅಂತ ಜನ ಅಂದುಕೊಳ್ಳುತ್ತಾರೆ. ಬಾರ್ ಮೊದಲಿನಷ್ಟೇ ಇದೆ, ಓಡಾಟದ ಜಾಗ ಹೋಗಿದೆ. ಆ ಸ್ಟಾಪ್‌ಗೂ ಆರ್ಮ್‌ಗೂ ನಡುವೆ ಬೆರಳು ತೂರದಿದ್ದರೆ ಬೋಲ್ಟ್ ಹಿಂದಕ್ಕೆ ಬಿಚ್ಚಿ. ಆಮೇಲೆ ಅಲೈನ್‌ಮೆಂಟ್ ಮಾಡಿಸಿ.

ಉದ್ದ ಶ್ಯಾಕಲ್ ಹಾಕಿದರೆ ಹೆಚ್ಚಿಸಿದ ಉದ್ದದ ಸುಮಾರು ಅರ್ಧದಷ್ಟೇ ಎತ್ತರ ಸಿಗುತ್ತದೆ. ಆಕ್ಸಲ್‌ಗೂ ಸ್ಪ್ರಿಂಗ್‌ಗೂ ನಡುವೆ ಇಡುವ ಬ್ಲಾಕ್ ಹಿಂದೆ ಸಣ್ಣದೊಂದು ಇರಬಹುದು, ಮುಂದಿನ ಆಕ್ಸಲ್‌ಗೆ ಬೇಡವೇ ಬೇಡ. ಒಂದರ ಮೇಲೊಂದು ಬ್ಲಾಕ್ ಪೇರಿಸಿಕೊಂಡು ಬಂದರೆ ಆ ಗಾಡಿಯನ್ನು ನಾನು ಮುಟ್ಟುವುದಿಲ್ಲ. ಶಾಕ್ ಅಬ್ಸಾರ್ಬರ್ ಬದಲಿಸಿದರೆ ಗಾಡಿ ಏಳುತ್ತದೆ ಅನ್ನುವುದು ಇಂಥ ಸ್ಪ್ರಿಂಗ್‌ನ ಗಾಡಿಗಳಲ್ಲಿ ಸುಳ್ಳು. ಆದರೆ ಎತ್ತಿದ ಮೇಲೆ ಅದರ ಉದ್ದ ಹೊಂದಿಸಲೇಬೇಕು. ಚಕ್ರ ಪೂರ್ತಿ ಇಳಿದಾಗ ಬ್ರೇಕ್ ಹೋಸ್ ಬಿಗಿಯಾಗುತ್ತದಾ ಅಂತಲೂ ನೋಡಬೇಕು.

ಬ್ರೇಕ್ ಅಂದಾಗ ಒಂದು ವಿಷಯ, ಇದನ್ನು ಬಹಳ ಕಡೆ ಬಿಟ್ಟುಬಿಡುತ್ತಾರೆ. ಹಳೆಯ ಪಿಕಪ್‌ಗಳಲ್ಲಿ ಅನೇಕಕ್ಕೆ ಹಿಂದೆ, ಚಾಸಿಗೆ ಅಂಟಿಕೊಂಡಂತೆ ಸಣ್ಣದೊಂದು ವಾಲ್ವ್ ಇರುತ್ತದೆ. ಅದರಿಂದ ತೆಳ್ಳಗಿನ ಕಡ್ಡಿಯೊಂದು ಹೌಸಿಂಗ್‌ಗೆ ಹೋಗಿರುತ್ತದೆ. ಧೂಳು, ಎಣ್ಣೆ ಮೆತ್ತಿಕೊಂಡು ಕಣ್ಣಿಗೇ ಬೀಳುವುದಿಲ್ಲ. ಲೋಡ್ ಬಿದ್ದು ಹಿಂಭಾಗ ತಗ್ಗಿದರೆ ಆ ಕಡ್ಡಿ ವಾಲ್ವನ್ನು ತಿರುಗಿಸಿ ಹಿಂದಿನ ಬ್ರೇಕ್‌ಗೆ ಒತ್ತಡ ಹೆಚ್ಚು ಬಿಡುತ್ತದೆ. ಖಾಲಿ ಇದ್ದಾಗ ಕಡಿಮೆ. ಈಗ ಗಾಡಿ ಎತ್ತಿದಿರಿ. ಹಿಂದೆ ಪೂರ್ತಿ ಲೋಡ್ ಇದ್ದರೂ ವಾಲ್ವ್‌ಗೆ ಗಾಡಿ ಖಾಲಿ ಅಂತಲೇ ಲೆಕ್ಕ. ಹಿಂದಿನ ಬ್ರೇಕ್ ಸರಿಯಾಗಿ ಹಿಡಿಯುವುದೇ ಇಲ್ಲ. ಎತ್ತಿದಷ್ಟೇ ಎತ್ತರಕ್ಕೆ ಹೌಸಿಂಗ್ ಕಡೆಯ ಬ್ರಾಕೆಟ್ಟನ್ನೂ ಏರಿಸಿ, ಸರ್ವಿಸ್ ಮ್ಯಾನ್ಯುಯಲ್ ಪ್ರಕಾರ ಹೊಂದಿಸಬೇಕು. ಕಡ್ಡಿ ಬಿಚ್ಚಿ ತಂತಿಯಲ್ಲಿ ಕಟ್ಟಿಬಿಡುವವರೂ ಇದ್ದಾರೆ. ಅಂಥದ್ದು ಕಂಡರೆ ಮೊದಲು ಅದನ್ನು ಸರಿಮಾಡಿಸಿ, ಲಿಫ್ಟ್ ಮಾತು ಆಮೇಲೆ.

ಎತ್ತರ ಹೆಚ್ಚಿದಷ್ಟೂ ಗಾಡಿ ಮಗುಚುವ ಭಯ ಹೆಚ್ಚು. ಇಳಿಜಾರಿನಲ್ಲಿ ಅಡ್ಡ ಹೋಗುವಾಗ ಇದು ಹೊಟ್ಟೆಯಲ್ಲೇ ಗೊತ್ತಾಗುತ್ತದೆ. ನಿಮ್ಮಲ್ಲಿನ ಕಾನೂನು ಎಷ್ಟು ಬದಲಾವಣೆ ಒಪ್ಪುತ್ತದೆ, ವಿಮೆಯವರು ಏನು ಹೇಳುತ್ತಾರೆ ಅನ್ನುವುದನ್ನು ಸಾಮಾನು ತರಿಸುವ ಮುಂಚೆ ವಿಚಾರಿಸಿ. ಹೆಡ್‌ಲೈಟ್ ತಗ್ಗಿಸಿ, ಎದುರು ಬರುವವರ ಕಣ್ಣಿಗೆ ಹೊಡೆಯದ ಹಾಗೆ. ಮತ್ತೆ, ಸ್ಪ್ರಿಂಗ್ ಬಿಚ್ಚಿದ ಮೇಲೆ, ಅದನ್ನು ಆಕ್ಸಲ್‌ಗೆ ಬಿಗಿಯುವ ಹಳೆಯ ಯು ಬೋಲ್ಟ್‌ಗಳನ್ನೇ ತೊಳೆದು ಹಾಕಿ ಅಂತ ಕೇಳಬೇಡಿ. ಒಮ್ಮೆ ಬಿಗಿದು ಎಳೆದುಕೊಂಡ ಬೋಲ್ಟ್ ಎರಡನೇ ಸಲ ಅಷ್ಟು ಹಿಡಿಯುವುದಿಲ್ಲ. ಹೊಸದನ್ನೂ ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಟಾರ್ಕ್ ವ್ರೆಂಚ್‌ನಲ್ಲಿ ಇನ್ನೊಮ್ಮೆ ಬಿಗಿಯಬೇಕು. ಅದಕ್ಕೆ ಗಾಡಿ ತರಲು ಹೇಳಿದರೆ ಅರ್ಧ ಜನ ಬರುವುದೇ ಇಲ್ಲ, ನಾನೇ ಫೋನ್ ಮಾಡಿ ಕರೆಯಬೇಕಾಗುತ್ತದೆ.