ಹೆಜ್ಜಾರ್ಲೆಯ ಹೊಟ್ಟೆಯ ಹುಳು ಎಲ್ಲಿಂದ ಬಂತು?

ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ (ಪೆಲಿಕನ್ ಹಕ್ಕಿ) ಸತ್ತು ಬಿದ್ದಾಗಲೆಲ್ಲ ಹಕ್ಕಿಜ್ವರ, ವಿಷ, ಜಂತುಹುಳು ಎಂಬ ಮೂರು ಮಾತು ಒಟ್ಟಿಗೇ ಏಳುತ್ತವೆ. ಒಂದೇ ಹುಣಸೆಮರದಲ್ಲಿ ಸಂಸಾರ ಹೂಡಿರುವ ಬಣ್ಣದ ಕೊಕ್ಕರೆಗಳ ಮೇಲೂ ಅನುಮಾನ ತಿರುಗುತ್ತದೆ.

ಮದ್ದೂರು ತಾಲ್ಲೂಕಿನ ಈ ಊರು ಮೊದಲು ಶಿಂಷಾ ದಂಡೆಯಲ್ಲಿತ್ತು. ನೂರು ವರ್ಷಗಳ ಹಿಂದೆ ಪ್ಲೇಗಿಗೆ ಹೆದರಿ ಜನ ಈಗಿನ ಜಾಗಕ್ಕೆ ಬಂದರು, ಹಕ್ಕಿಗಳೂ ಬೆನ್ನಹಿಂದೆಯೇ ಬಂದವು ಎನ್ನುತ್ತಾರೆ ಊರವರು. 1994ರಲ್ಲಿ ಹಕ್ಕಿಗಳನ್ನು ಕಾಯುವ ಊರವರ ಗುಂಪು ಹೆಜ್ಜಾರ್ಲೆ ಬಳಗ ಹುಟ್ಟಿತು, 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಅಷ್ಟೂ ವರ್ಷ ಚರ್ಚೆಯೆಲ್ಲ ಮರದ ಸುತ್ತಲೇ: ಯಾರ ಮರ, ಹಕ್ಕಿಗಾಗಿ ಬಿಟ್ಟ ಹುಣಸೆ ಫಸಲಿಗೆ ಎಷ್ಟು ಪರಿಹಾರ. ಹಕ್ಕಿ ಉಣ್ಣುವ ಕೆರೆ ಮಾತಿಗೆ ಬಂದದ್ದು ಕಡಿಮೆ.

2017ರ ಜನವರಿಯಲ್ಲಿ ಮೈಸೂರು ಮೃಗಾಲಯ ಹಕ್ಕಿಜ್ವರದಿಂದಾಗಿ ತಿಂಗಳ ಕಾಲ ಬಾಗಿಲು ಹಾಕಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಬೆಳ್ಳೂರಿನ ಹೆಜ್ಜಾರ್ಲೆಗಳು ಒಂದೊಂದಾಗಿ ಉರುಳತೊಡಗಿದಾಗ ಜನ ಬೆಚ್ಚಿದ್ದು ಸಹಜ. ಕೆಲವೇ ತಿಂಗಳಲ್ಲಿ ನಲವತ್ತಕ್ಕೂ ಹೆಚ್ಚು ಸತ್ತವು. ಪರೀಕ್ಷೆಯಲ್ಲಿ ಹಕ್ಕಿಜ್ವರ ಕಾಣಲಿಲ್ಲ, ಸಿಕ್ಕಿದ್ದು ದುಂಡುಹುಳು ಎಂಬ ಜಂತು. ಪಕ್ಕದ ಕೊಂಬೆಯ ಬಣ್ಣದ ಕೊಕ್ಕರೆಗಳು ಮಾತ್ರ ಹಾಗೆ ಸಾಯಲಿಲ್ಲ.

ಒಂದೇ ಮರದಲ್ಲಿದ್ದರೆ ಹುಳು ಒಂದರಿಂದ ಇನ್ನೊಂದಕ್ಕೆ ದಾಟಬೇಕಲ್ಲ ಎಂಬಲ್ಲೇ ಗೋಜಲು. ಹಕ್ಕಿಹೇನು ಸಾಮಾನ್ಯವಾಗಿ ತನ್ನ ಜಾತಿಯ ಹಕ್ಕಿಯನ್ನು ಬಿಟ್ಟು ಕದಲುವುದಿಲ್ಲ. ಹೆಜ್ಜಾರ್ಲೆ ವರ್ಗದ ಹಕ್ಕಿಗಳ ಗಂಟಲಚೀಲದ ಒಳಗೇ ಬಾಳುವ ಹೇನುಗಳಿವೆ! ಗೂಡುಗಳ ಮೆದುಮೈ ಉಣ್ಣಿಗೆ ಅಷ್ಟು ಮಡಿಯಿಲ್ಲ. ಹಗಲು ತೊಗಟೆಯ ಸಂದಿಯಲ್ಲಿ ಅಡಗಿ, ರಾತ್ರಿ ಯಾವ ಗೂಡಾದರೂ ಸರಿ ಎಂದು ಹೊರಡುತ್ತದೆ. ಒಂದೇ ಮರದಲ್ಲಿ ಗೂಡಿನಿಂದ ಗೂಡಿಗೆ ದಾಟುವ ಪರೋಪಜೀವಿ ನಿಜಕ್ಕೂ ಈ ಉಣ್ಣಿಯೇ. ಹೊಟ್ಟೆಯ ಹುಳುವಿನ ದಾರಿಯೇ ಬೇರೆ. ಮೀನು ತಿನ್ನುವ ಹಕ್ಕಿಗಳಲ್ಲಿ ಸಾಮಾನ್ಯವಾದ ಕಾಂಟ್ರಸೀಕಮ್ ಎಂಬ ದುಂಡುಹುಳುವನ್ನೇ ನೋಡಿ: ಮೊಟ್ಟೆ ಹಿಕ್ಕೆಯೊಡನೆ ನೀರಿಗೆ ಬೀಳಬೇಕು, ಮರಿಹುಳು ಕೋಪೆಪಾಡ್ ಎಂಬ ಸಣ್ಣ ಜಲಜೀವಿಯ ಹೊಟ್ಟೆ ಸೇರಬೇಕು, ಅದನ್ನು ಮೀನು ನುಂಗಬೇಕು, ಮೀನನ್ನು ಹಕ್ಕಿ ನುಂಗಬೇಕು. ನೆರೆಗೂಡಿಗೆ ನೇರವಾಗಿ ಜಿಗಿಯುವ ಹುಳು ಇದಲ್ಲ. ಗೂಡಿನ ಮರಿಗೆ ತಲುಪುವುದೂ ತಾಯಿತಂದೆ ಕಕ್ಕಿ ಉಣಿಸುವ ಮೀನಿನಿಂದಲೇ.

ಬಣ್ಣದ ಕೊಕ್ಕರೆ ಮೊಣಕಾಲುದ್ದದ ನೀರಿನಲ್ಲಿ ಕೊಕ್ಕು ತೆರೆದು ತಡಕಾಡುತ್ತದೆ. ಹೆಜ್ಜಾರ್ಲೆ ಈಜುತ್ತ ಗಂಟಲಚೀಲದಲ್ಲಿ ಮೀನು ಬಾಚುತ್ತದೆ. ಮರ ಒಂದೇ ಆದರೂ ಊಟದ ಎಲೆ ಬೇರೆ. ಆಂಧ್ರದ ತೇಲಿನೀಲಾಪುರದಲ್ಲೂ ಇವೆರಡು ಜೊತೆಗೇ ಗೂಡು ಕಟ್ಟುತ್ತವೆ. 2022ರ ಆರಂಭದಲ್ಲಿ ಅಲ್ಲಿ ನೂರೈವತ್ತಕ್ಕೂ ಹೆಚ್ಚು ಹೆಜ್ಜಾರ್ಲೆಗಳು ಸತ್ತಾಗಲೂ ಬೆರಳು ಮೀನಿನ ಹುಳುವಿನತ್ತಲೇ ಹೋಯಿತು.

ನೀರು ಇಳಿದ ಕೆರೆಯಲ್ಲಿ ಹಕ್ಕಿ, ಹಿಕ್ಕೆ, ಮೀನು ಒತ್ತೊತ್ತಾದಷ್ಟೂ ಈ ಚಕ್ರ ಬಿಗಿಯಾಗುತ್ತದೆ. ಆದರೂ ನಾವು ವರ್ಷವರ್ಷ ಗೂಡು ಎಣಿಸುತ್ತೇವೆ. ಕೆರೆಯ ಮೀನಿನ ಹೊಟ್ಟೆ ಸೀಳಿ ಹುಳು ಎಣಿಸುವುದು ಅದಕ್ಕಿಂತ ಕಷ್ಟದ ಕೆಲಸವೇನಲ್ಲ. ಗೂಡಿನಿಂದ ಬಿದ್ದ ಮರಿಗಳಿಗೆ ಕೊಡುವ ಮೀನನ್ನಾದರೂ ಮೈನಸ್ 20 ಡಿಗ್ರಿಯಲ್ಲಿ ಒಂದು ವಾರ ಇಟ್ಟು ಕೊಟ್ಟರೆ ಅದರೊಳಗಿನ ಮರಿಹುಳು ಸಾಯುತ್ತದೆ.