ಅಣುತೂಕ ಲೆಕ್ಕ: ಬ್ರಾಕೆಟ್ಟು, ಚುಕ್ಕಿ ಎರಡರ ಮೇಲೂ ಕಣ್ಣಿರ್ಲಿ

ಅಣುತೂಕ ಅಂದ್ರೆ ಒಂದು ಅಣುವಿನಲ್ಲಿರೋ ಅಷ್ಟೂ ಪರಮಾಣುಗಳ ತೂಕ ಕೂಡಿದ್ರೆ ಬರೋ ಮೊತ್ತ. ಗುಣಿಸೋದು ಕೂಡೋದು ಬಿಟ್ರೆ ಇದ್ರಲ್ಲಿ ಬೇರೆ ಗಣಿತ ಇಲ್ಲ, ಆದ್ರೂ ತುಂಬಾ ಜನ ಇಲ್ಲೇ ಮಾರ್ಕ್ಸ್ ಕಳ್ಕೊಳ್ತಾರೆ, ಯಾಕಂದ್ರೆ ಸೂತ್ರ ಓದೋವಾಗ್ಲೇ ತಪ್ಪಾಗಿರುತ್ತೆ.

ನೀರು ತಗೊಳ್ಳಿ, ಎಚ್2ಓ. ಹೈಡ್ರೋಜನ್ 1.008, ಎರಡಿದೆ, ಸೋ 2.016. ಆಮ್ಲಜನಕ ಒಂದು, 15.999. ಕೂಡಿದ್ರೆ 18.015. ಇದನ್ನ ಅಳೆಯೋ ಅಳತೆಗೋಲು ಕಾರ್ಬನ್-12, ಅದರ ಒಂದು ಪರಮಾಣುವಿನ ತೂಕದಲ್ಲಿ 12ನೇ ಒಂದು ಭಾಗವನ್ನ 1 ಅಂತ ಇಟ್ಕೊಂಡಿದಾರೆ, 1961ರಿಂದ ಇದೇ ಲೆಕ್ಕ.

ಕ್ಲೋರಿನ್‌ಗೆ 35.45 ಅಂತ ದಶಮಾಂಶ ಯಾಕೆ ಅಂತ ಕೇಳ್ತಾರೆ. ಪ್ರಕೃತಿಯಲ್ಲಿ ಕ್ಲೋರಿನ್ ಪರಮಾಣು ತೂಕದಲ್ಲಿ ಎರಡು ಥರ ಇದೆ, ಕ್ಲೋರಿನ್-35 ಸುಮಾರು ಮುಕ್ಕಾಲು ಪಾಲು, ಕ್ಲೋರಿನ್-37 ಕಾಲು ಪಾಲು, ಪರಮಾಣು ತೂಕಗಳ ಕೋಷ್ಟಕದಲ್ಲಿ ಇರೋದು ಅವೆರಡರ ಸರಾಸರಿ. ಸೋಡಿಯಂ ಕ್ಲೋರೈಡ್‌ನಲ್ಲಿ ಬಿಡಿ ಅಣು ಅಂತ ಇಲ್ವೇ ಇಲ್ಲ, ಅಯಾನ್‌ಗಳ (ಅಂದ್ರೆ ವಿದ್ಯುದಾವೇಶ ಇರೋ ಪರಮಾಣುಗಳ) ಜೋಡಣೆ ಅದು, ಹಾಗಾಗಿ ಅದರ 58.44ನ್ನ ಸೂತ್ರತೂಕ ಅನ್ಬೇಕು, ಲೆಕ್ಕ ಮಾಡೋ ರೀತಿ ಮಾತ್ರ ಅದೇ.

ಈಗ ಬ್ರಾಕೆಟ್. ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಸಿಎ(ಓಎಚ್)2. ಹೊರಗಿರೋ 2 ಒಳಗಿರೋ ಎರಡಕ್ಕೂ ಸೇರ್ಬೇಕು, ತೂಕಗಳನ್ನ ಪೂರ್ಣಾಂಕ ಮಾಡ್ಕೊಂಡ್ರೆ: 40 + 2×(16+1) = 74. 58 ಬಂತು ಅಂದ್ರೆ ಹೈಡ್ರೋಜನ್‌ಗೆ ಮಾತ್ರ ಗುಣಿಸಿದೀರ ಅಂತ ಅರ್ಥ. ಅಲ್ಯೂಮಿನಿಯಂ ಸಲ್ಫೇಟ್, ಎಎಲ್2(ಎಸ್ಓ4)3 ಇನ್ನೂ ಸ್ವಲ್ಪ ಕಷ್ಟ, ಅಲ್ಲಿ ಆಮ್ಲಜನಕ 4 ಅಲ್ಲ 7 ಅಲ್ಲ, 4×3 = 12. ಅಲ್ಯೂಮಿನಿಯಂ 54 + ಗಂಧಕ 96 + ಆಮ್ಲಜನಕ 192 = 342. ನಾನು ಯಾವಾಗ್ಲೂ ಮೊದ್ಲು ಪರಮಾಣುಗಳನ್ನ ಎಣಿಸಿ ಬರ್ಕೊಳ್ತೀನಿ, ತೂಕ ಆಮೇಲೆ.

ಚುಕ್ಕಿ ಮಾತ್ರ ನಿಜವಾಗ್ಲೂ ಮೋಸ ಮಾಡುತ್ತೆ. ನೀಲಿ ಕಾಪರ್ ಸಲ್ಫೇಟ್ ಸೂತ್ರ ಸಿಯು‌ಎಸ್ಓ4·5ಎಚ್2ಓ. ಗಣಿತದಲ್ಲಿ ಚುಕ್ಕಿ ಅಂದ್ರೆ ಗುಣಾಕಾರ, ಇಲ್ಲಿ ಅದು 'ಜೊತೆಗೆ' ಅಂತ. ನೀರು ಬಿಟ್ಟು ಉಳಿದ ಭಾಗದ 159.60ಕ್ಕೆ 5×18.015 ಅಂದ್ರೆ 90.08 ಸೇರಿಸಿ, 249.68. ಒಂದ್ಸಲ ಲ್ಯಾಬ್‌ನಲ್ಲಿ 0.1 ಮೋಲಾರ್ (ಅಂದ್ರೆ ಲೀಟರ್‌ಗೆ 0.1 ಮೋಲ್, ಒಂದು ಮೋಲ್ ಅಂದ್ರೆ ಅಣುತೂಕದಷ್ಟು ಗ್ರಾಂ) ದ್ರಾವಣ 250 ಎಂಎಲ್ ಮಾಡ್ಬೇಕಿತ್ತು, ನಾನು ನೀರನ್ನ ಬಿಟ್ಟು 159.6 ಇಟ್ಕೊಂಡು 3.99 ಗ್ರಾಂ ತೂಗಿ ಹಾಕ್ದೆ, ಬೇಕಾಗಿದ್ದು 6.24 ಗ್ರಾಂ. ಪಕ್ಕದವರ ಫ್ಲಾಸ್ಕ್ ಗಾಢ ನೀಲಿ, ನನ್ನದು ತೆಳು ನೀಲಿ, ಲೆಕ್ಕ ಹಾಕಿ ನೋಡಿದ್ರೆ ದ್ರಾವಣ ಬರೀ 0.064 ಮೋಲಾರ್ ಆಗಿತ್ತು. ಆ ಹರಳಿನ ತೂಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ನೀರೇ ಇದೆ, ಕಾಯಿಸಿದ್ರೆ ಅದು ಹೋಗಿ ಪುಡಿ ಬಿಳಿ ಆಗುತ್ತೆ.

ಯೂನಿಟ್ ವಿಷ್ಯ ಬೇಗ ಹೇಳಿಬಿಡ್ತೀನಿ: ಅಣುತೂಕ 18.015 ಅಂದ್ರೆ ಒಂದು ಮೋಲ್ ನೀರು 18.015 ಗ್ರಾಂ, ಅಂದ್ರೆ 6.022×10^23 ಅಣುಗಳು. ಅಂಕಿ ಅದೇ, ಮೋಲ್ ಲೆಕ್ಕದಲ್ಲಿ ಗ್ರಾಂ ಪ್ರತಿ ಮೋಲ್ ಅಂತ ಬರೀಬೇಕು.

ಒಂದು ನೀವೇ ಮಾಡಿ, ವಾಷಿಂಗ್ ಸೋಡಾ, ಎನ್ಎ2ಸಿಓ3·10ಎಚ್2ಓ. ಸೋಡಿಯಂ 23, ಕಾರ್ಬನ್ 12, ಆಮ್ಲಜನಕ 16, ಹೈಡ್ರೋಜನ್ 1 ಇಟ್ಕೊಳ್ಳಿ. 286 ಬಂದ್ರೆ ಸರಿ. 106 ಬಂದ್ರೆ ನೀರನ್ನ ಬಿಟ್ಟಿದೀರ, 142 ಬಂದ್ರೆ ಆ 10ನ್ನ ಹೈಡ್ರೋಜನ್‌ಗೆ ಮಾತ್ರ ಗುಣಿಸಿ ಆಮ್ಲಜನಕ ಒಂದೇ ಅಂತ ತಗೊಂಡಿದೀರ.