ಉಬ್ಬಸ ಯಾವಾಗ ಬರುತ್ತದೆ? ಕೆಲಸದಿಂದ ಬರುವ ಅಸ್ತಮಾ ಕುರಿತ ಅಧ್ಯಯನ ಟಿಪ್ಪಣಿ

ಚಿಕ್ಕಮಗಳೂರಿನಲ್ಲಿ ನನ್ನ ಜೊತೆ ಸಮುದಾಯ ಆರೋಗ್ಯ ಓದುತ್ತಿರುವ ಗೆಳೆಯ ಗೆಳತಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪಠ್ಯದಲ್ಲಿ ಈ ವಿಷಯ ಬೇಗ ಮುಗಿದುಹೋಗುತ್ತದೆ. ಬೇಕರಿ ಹಿಟ್ಟು, ಸ್ಪ್ರೇ ಪೇಂಟ್, ಮರದ ಪುಡಿ, ಲ್ಯಾಟೆಕ್ಸ್ ಗ್ಲೌಸು ಎಂದು ಒಂದು ಪಟ್ಟಿ ಕೊಟ್ಟಿರುತ್ತಾರೆ. ಬಾಯಿಪಾಠ ಮಾಡಿದರೆ ಪರೀಕ್ಷೆಗೆ ಸಾಕು. ಆದರೆ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಒಣಗಿದ ಕಾಫಿಯ ಹೊಟ್ಟು ಬಿಡಿಸಿ ವಿಂಗಡಿಸುವ ಕಾರ್ಖಾನೆಯಲ್ಲಿ, ಕೆಲಸ ಮಾಡುವ ಒಬ್ಬ ಹೆಂಗಸು ಕೆಮ್ಮುತ್ತಾ ಎದುರಿಗೆ ಬಂದು ಕೂತರೆ ಆ ಪಟ್ಟಿ ನಮಗೆ ದಾರಿ ತೋರಿಸುವುದಿಲ್ಲ. 'ಏನು ಕೆಲಸ ಮಾಡ್ತೀರಿ' ಎಂದು ಎಲ್ಲರೂ ಕೇಳುತ್ತಾರೆ. 'ಉಬ್ಬಸ ಯಾವಾಗ ಬರುತ್ತೆ, ಯಾವಾಗ ಕಡಿಮೆ ಆಗುತ್ತೆ' ಎಂದು ಕೂತು ಕೇಳುವವರು ಕಡಿಮೆ. ಈ ರೋಗವನ್ನು ಹಿಡಿಯುವುದೇ ಆ ಎರಡನೇ ಪ್ರಶ್ನೆಯಿಂದ.

ಸಮಸ್ಯೆ ಎಷ್ಟು ದೊಡ್ಡದು ಎಂದು ಮೊದಲು ನೋಡೋಣ. 2019ರಲ್ಲಿ ಅಮೆರಿಕನ್ ಥೊರಾಸಿಕ್ ಸೊಸೈಟಿ ಮತ್ತು ಯುರೋಪಿಯನ್ ರೆಸ್ಪಿರೇಟರಿ ಸೊಸೈಟಿ ಜೊತೆಯಾಗಿ ಹಿಂದಿನ ಅಧ್ಯಯನಗಳನ್ನೆಲ್ಲ ಸೇರಿಸಿ ಲೆಕ್ಕ ಹಾಕಿದವು. ದೊಡ್ಡವರಲ್ಲಿ ಕಾಣಿಸಿಕೊಳ್ಳುವ ಅಸ್ತಮಾದಲ್ಲಿ ಸುಮಾರು 16% ಕೆಲಸದ ಜಾಗದ ಧೂಳು, ಹೊಗೆ, ರಾಸಾಯನಿಕಗಳಿಗೆ ಸಂಬಂಧಿಸಿದ್ದು ಎಂದು ಬಂತು. ಸಿಒಪಿಡಿಯಲ್ಲಿ, ಅಂದರೆ ಶ್ವಾಸನಾಳ ಶಾಶ್ವತವಾಗಿ ಕಿರಿದಾಗುವ ದೀರ್ಘಕಾಲದ ರೋಗದಲ್ಲಿ, ಸುಮಾರು 14%. ಅಂದರೆ ಅಸ್ತಮಾ ಇರುವ ಆರು ಜನ ವಯಸ್ಕರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಕೆಲಸದ ಪಾಲು ಇದೆ. ನಮ್ಮ ಒಪಿಡಿ ಚೀಟಿಯಲ್ಲಿ ಉದ್ಯೋಗ ಅಂತ ಒಂದು ಖಾನೆ ಇರುತ್ತದೆ. ಅಲ್ಲಿ 'ಕೂಲಿ' ಎಂದು ಬರೆದು ಮುಂದೆ ಹೋಗುತ್ತೇವೆ. ಇದು ನನಗೆ ನಿಜವಾಗಿ ಬೇಸರ ತರಿಸುವ ವಿಷಯ.

ಒಂದೇ ಹೆಸರು, ಮೂರು ಬೇರೆ ಸಂಗತಿ

ಮೊದಲನೆಯದು ಅಲರ್ಜಿ ರೀತಿಯದು. ಧೂಳಿನಲ್ಲಿರುವ ಯಾವುದೋ ವಸ್ತುವಿಗೆ ದೇಹ ನಿಧಾನವಾಗಿ ಸೂಕ್ಷ್ಮವಾಗುತ್ತದೆ. ಇದಕ್ಕೆ ತಿಂಗಳುಗಳು ಹಿಡಿಯಬಹುದು, ವರ್ಷಗಳೂ ಹಿಡಿಯಬಹುದು. ಅಲ್ಲಿಯವರೆಗೆ ಏನೂ ಕಾಣುವುದಿಲ್ಲ. 'ಐದು ವರ್ಷದಿಂದ ಇದೇ ಕೆಲಸ, ಆಗ ಏನೂ ಆಗಿರಲಿಲ್ಲ, ಈಗ ಹೇಗೆ ಕೆಲಸದಿಂದ ಅಂತೀರಿ?' ಎಂದು ರೋಗಿಯೇ ವಾದ ಮಾಡುತ್ತಾರೆ. ಈ ರೋಗ ಸಾಮಾನ್ಯವಾಗಿ ಬರುವುದೇ ಹಾಗೆ. ಒಮ್ಮೆ ಸೂಕ್ಷ್ಮವಾದ ಮೇಲೆ ಚೂರೇ ಚೂರು ಧೂಳಿಗೂ ಶ್ವಾಸನಾಳ ಬಿಗಿಯುತ್ತದೆ.

ಎರಡನೆಯದಕ್ಕೆ ಈ ಕಾಯುವ ಕಾಲವೇ ಇಲ್ಲ. ಕ್ಲೋರಿನ್ ಅಥವಾ ಅಮೋನಿಯಾದಂಥ ಅನಿಲ ಒಮ್ಮೆಲೇ ಜಾಸ್ತಿ ಒಳಗೆ ಹೋದರೆ 24 ಗಂಟೆಯೊಳಗೆ ಉಬ್ಬಸ ಶುರುವಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಬ್ರೂಕ್ಸ್ ಮತ್ತು ಸಂಗಡಿಗರು 1985ರಲ್ಲಿ ಇದನ್ನು ವಿವರಿಸಿದರು. ಮೂರನೆಯದು, ಮೊದಲೇ ಇದ್ದ ಅಸ್ತಮಾ ಕೆಲಸದಲ್ಲಿ ಕೆರಳುವುದು. ಅದನ್ನು ಬೇರೆಯಾಗಿ ಗುರುತಿಸಬೇಕು. ಯಾಕೆಂದರೆ ಅಂಥವರು ಧೂಳು ಕಡಿಮೆ ಮಾಡಿದರೆ ಅದೇ ಜಾಗದಲ್ಲಿ ಕೆಲಸ ಮುಂದುವರಿಸಬಹುದು. ಅಲರ್ಜಿ ರೀತಿಯವರಿಗೆ ಆ ಧೂಳಿನ ಸಂಪರ್ಕವೇ ತಪ್ಪಬೇಕಾಗುತ್ತದೆ.

ಕಾಫಿ ಧೂಳು

ನಮ್ಮ ಜಿಲ್ಲೆಗೆ ಹತ್ತಿರದ ಉದಾಹರಣೆ ಇದು, ಹಾಗಾಗಿ ಸ್ವಲ್ಪ ನಿಲ್ಲುತ್ತೇನೆ. ತೋಟದಿಂದ ಪಾರ್ಚ್‌ಮೆಂಟ್ ಮತ್ತು ಚೆರಿ ಮೂಟೆಗಳು ಕ್ಯೂರಿಂಗ್‌ಗೆ ಬರುತ್ತವೆ. ಮೂಟೆ ಸುರಿಯುವಾಗ ಧೂಳು. ಹಲ್ಲರ್‌ನಲ್ಲಿ ಹೊಟ್ಟು ಬಿಡಿಸುವಾಗ ಧೂಳು. ಜರಡಿ, ಗ್ರೇಡಿಂಗ್, ಮತ್ತೆ ಚೀಲ ತುಂಬುವಾಗ ಧೂಳು. ಚೆರಿ ಅಂದರೆ ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ್ದು. ತೊಳೆದು ಒಣಗಿಸಿದ ಪಾರ್ಚ್‌ಮೆಂಟ್‌ಗಿಂತ ಅದರಿಂದ ಧೂಳು ಜಾಸ್ತಿ. ಟಾಂಜಾನಿಯಾ ಮತ್ತು ಇಥಿಯೋಪಿಯಾದ ಕಾಫಿ ಕಾರ್ಖಾನೆಗಳಲ್ಲಿ ಅಲ್ಲಿನ ಸಂಶೋಧಕರು ನಾರ್ವೆಯವರ ಜೊತೆ ಸೇರಿ ಧೂಳನ್ನೂ ಕಾರ್ಮಿಕರ ಉಸಿರಾಟವನ್ನೂ ಅಳೆದಿದ್ದಾರೆ. ಕೆಮ್ಮು, ಎದೆ ಬಿಗಿತ ಕಾಫಿ ಕಾರ್ಮಿಕರಲ್ಲಿ ಜಾಸ್ತಿ ಕಂಡಿತು. ಆ ಧೂಳಿನಲ್ಲಿ ಎಂಡೋಟಾಕ್ಸಿನ್, ಅಂದರೆ ಬ್ಯಾಕ್ಟೀರಿಯಾ ಗೋಡೆಯ ಚೂರುಗಳೂ ಇರುತ್ತವೆ. ಅಲರ್ಜಿ ಇಲ್ಲದವರ ಶ್ವಾಸನಾಳವನ್ನೂ ಅವು ಕೆರಳಿಸುತ್ತವೆ.

ಹುರಿಯದ ಹಸಿರು ಬೀಜದ ಧೂಳೇ ಅಲರ್ಜಿಗೆ ಮುಖ್ಯ ಕಾರಣ. ಹುರಿದಾಗ ಆ ಶಕ್ತಿ ಬಹಳ ಕುಗ್ಗುತ್ತದೆ. ಕಾಫಿ ಕುಡಿಯುವವರು ಹೆದರಬೇಕಿಲ್ಲ! ಹಾಗಂತ ಹುರಿಯುವ ಜಾಗ ಪೂರ್ತಿ ಸುರಕ್ಷಿತ ಅಂತಲೂ ಅಲ್ಲ. ಹುರಿದ ಬೀಜ ಪುಡಿ ಮಾಡುವಾಗ ಡೈಅಸಿಟೈಲ್ ಎಂಬ ಆವಿ ಹೊರಬರುತ್ತದೆ. ಅಮೆರಿಕದ ಮಿಸ್ಸೌರಿಯ ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ 2000ದಲ್ಲಿ ಗುರುತಾದ ಗಂಭೀರ ಶ್ವಾಸಕೋಶ ರೋಗಕ್ಕೆ ಬೆಣ್ಣೆ ವಾಸನೆಯ ಇದೇ ರಾಸಾಯನಿಕ ಕಾರಣ ಎಂದು ತೋರಿತು.

ಇನ್ನೊಂದು ವಿಷಯ ಓದಿದಾಗ ನನಗೆ ಆಶ್ಚರ್ಯವಾಯಿತು. ಕಾಫಿ ಕಾರ್ಮಿಕರನ್ನು ಪರೀಕ್ಷಿಸಿದಾಗ ಹಲವರಿಗೆ ಕಾಫಿಗಿಂತ ಹರಳಿಗೆ, ಅಂದರೆ ಹರಳೆಣ್ಣೆ ತೆಗೆಯುವ ಬೀಜಕ್ಕೆ, ಅಲರ್ಜಿ ಇತ್ತು. ಹರಳು ತುಂಬಿದ್ದ ಗೋಣಿ ಚೀಲಗಳನ್ನೇ ಮತ್ತೆ ಕಾಫಿಗೆ ಬಳಸಿದ್ದರಿಂದ ಆ ಪುಡಿ ಧೂಳಿನೊಳಗೆ ಸೇರಿಕೊಂಡಿತ್ತು. ಹರಳಿನ ಪ್ರೋಟೀನ್ ತುಂಬಾ ಜೋರಾದ ಅಲರ್ಜಿಕಾರಕ. ಅಮೆರಿಕದ ಟೊಲಿಡೊದಲ್ಲಿ ಒಂದು ಹರಳೆಣ್ಣೆ ಗಿರಣಿಯ ಸುತ್ತಮುತ್ತ ವಾಸಿಸುತ್ತಿದ್ದವರಿಗೇ ಅಸ್ತಮಾ ಬಂದದ್ದನ್ನು ಫಿಗ್ಲಿ ಮತ್ತು ಎಲ್‌ರಾಡ್ 1928ರಲ್ಲೇ ವರದಿ ಮಾಡಿದ್ದಾರೆ. ತೋಟಕ್ಕೆ ಗೊಬ್ಬರವಾಗಿ ಹರಳಿಂಡಿ ಎರಚುವವರನ್ನೂ ಇಲ್ಲಿ ನೆನಪಿಡಿ. ಆದ್ದರಿಂದ 'ಕಾಫಿ ಕೆಲಸ' ಎಂದು ಬರೆದುಕೊಂಡರೆ ಸಾಲದು. ಚೀಲ ಹೊಸದೋ ಹಳೆಯದೋ, ಮೊದಲು ಅದರಲ್ಲಿ ಏನಿತ್ತು ಎನ್ನುವುದನ್ನೂ ಕೇಳಬೇಕು.

ಗಂಟೆ ಮತ್ತು ವಾರದ ಲೆಕ್ಕ

ಅಲರ್ಜಿಯ ಪ್ರತಿಕ್ರಿಯೆ ಕೆಲವರಿಗೆ ಧೂಳು ತಾಗಿದ ಕೆಲವೇ ನಿಮಿಷಕ್ಕೆ ಬರುತ್ತದೆ. ಇನ್ನು ಕೆಲವರಿಗೆ ನಾಲ್ಕರಿಂದ ಎಂಟು ಗಂಟೆ ಬಿಟ್ಟು ಬರುತ್ತದೆ. ಮಧ್ಯಾಹ್ನ ಹಲ್ಲರ್ ಹತ್ತಿರ ನಿಂತವರಿಗೆ ರಾತ್ರಿ ಮನೆಯಲ್ಲಿ ದಮ್ಮು ಹಿಡಿಯುತ್ತದೆ. ಅವರು ಒಲೆಯ ಹೊಗೆಯನ್ನೋ ಮಲೆನಾಡಿನ ಚಳಿಯನ್ನೋ ದೂರುತ್ತಾರೆ. ನಾವೂ ಅದನ್ನೇ ಒಪ್ಪಿ ಬರೆದುಕೊಳ್ಳುತ್ತೇವೆ, ಅಲ್ವಾ? ಸೌದೆ ಒಲೆಯ ಹೊಗೆ ನಿಜವಾಗಿಯೂ ಶ್ವಾಸಕೋಶವನ್ನು ಕೆಡಿಸುತ್ತದೆ. ಆದರೆ ಒಲೆ ರಜಾ ದಿನವೂ ಉರಿಯುತ್ತದೆ. ರಜಾ ದಿನಗಳಲ್ಲಿ ಉಬ್ಬಸ ಕಡಿಮೆ ಆದರೆ ಕೆಲಸದ ಕಡೆ ನೋಡಬೇಕು. ಮೂಗು ಸೋರುವುದು, ಕಣ್ಣು ಉರಿಯುವುದು ಎಷ್ಟೋ ಸಲ ಉಬ್ಬಸಕ್ಕಿಂತ ಮೊದಲೇ ಶುರುವಾಗಿರುತ್ತದೆ. ಅದನ್ನೂ ಕೇಳಿ.

ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ಶ್ವಾಸಕೋಶ ರೋಗ ಇದಕ್ಕೆ ತಿರುಗುಮುರುಗು. ವಾರದ ರಜೆ ಮುಗಿಸಿ ಬಂದ ಮೊದಲ ದಿನವೇ ಎದೆ ಬಿಗಿತ ಜಾಸ್ತಿ, ಆಮೇಲೆ ವಾರ ಕಳೆದಂತೆ ಕಡಿಮೆ. ಅಸ್ತಮಾದಲ್ಲಿ ಸಾಮಾನ್ಯವಾಗಿ ವಾರದ ಕೊನೆಗೆ ಹದಗೆಡುತ್ತಾ ಹೋಗುತ್ತದೆ. ಹಾಸನದ ಜವಳಿ ಘಟಕಗಳ ಕಡೆ ಓದುತ್ತಿರುವವರು ಇದನ್ನು ನೋಡಿಕೊಳ್ಳಿ. ತೊಂದರೆ ಇರುವುದು ಹತ್ತಿ ಬಿಡಿಸುವ, ನೂಲು ತೆಗೆಯುವ ಹಂತದಲ್ಲಿ. ಬಟ್ಟೆ ಹೊಲಿಯುವವರಿಗೆ ಇದು ಅಷ್ಟಾಗಿ ಬಾಧಿಸುವುದಿಲ್ಲ. ಬೂಸ್ಟು ಹಿಡಿದ ಹುಲ್ಲು ಕೆದಕಿದ ರೈತರಿಗೆ ಕೆಲವು ಗಂಟೆ ಬಿಟ್ಟು ಜ್ವರ, ಮೈ ನೋವು, ಏದುಸಿರು ಬಂದರೆ ಅದು ಅಸ್ತಮಾ ಅಲ್ಲ, ಶ್ವಾಸಕೋಶದ ಗಾಳಿಚೀಲಗಳ ಉರಿಯೂತ. ಮಳೆಗಾಲದಲ್ಲಿ ಇದನ್ನು ಫ್ಲೂ ಎಂದುಕೊಳ್ಳುವುದು ಸುಲಭ.

ಈ ಲೆಕ್ಕವನ್ನು ಬರೀ ನೆನಪಿನ ಮೇಲೆ ಬಿಡಬಾರದು. ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಎಂದು ಅಳೆಯುವ ಪೀಕ್ ಫ್ಲೋ ಮೀಟರ್ ಎಂಬ ಚಿಕ್ಕ ಸಾಧನ ಸಾಕು, ಕರೆಂಟ್ ಬೇಡ. ದಿನಕ್ಕೆ ಕಡೇಪಕ್ಷ ನಾಲ್ಕು ಸಲ ಊದಬೇಕು. ಪ್ರತಿ ಸಲ ಮೂರು ಊದು, ಅದರಲ್ಲಿ ಹೆಚ್ಚಿನದನ್ನು ಬರೆಯುವುದು. ಕೆಲಸದ ಎರಡು ವಾರ, ಬಿಡುವಿನ ಎರಡು ವಾರ ಹೀಗೆ ಬರೆದರೆ ಚಿತ್ರ ಸಿಗುತ್ತದೆ. ಬಿಡುವಿನಲ್ಲಿ ಗೆರೆ ಮೇಲೇರಿ ಕೆಲಸಕ್ಕೆ ಹೋದಾಗ ಇಳಿದರೆ ಅನುಮಾನ ಗಟ್ಟಿಯಾಗುತ್ತದೆ. ಒಂದು ದಿನ ಆಸ್ಪತ್ರೆಯಲ್ಲಿ ಮಾಡಿದ ಸ್ಪೈರೊಮೆಟ್ರಿ (ಯಂತ್ರಕ್ಕೆ ಊದಿಸಿ ಮಾಡುವ ಉಸಿರಾಟದ ಪರೀಕ್ಷೆ) ನಾರ್ಮಲ್ ಬಂತು ಎಂದು ಸುಮ್ನೆ ಕಳಿಸಬೇಡಿ. ಆ ದಿನ ಅವರು ಧೂಳಿನಿಂದ ದೂರ ಇರುತ್ತಾರೆ.

ಸ್ಪೇನ್‌ನ ಬಾರ್ಸಿಲೋನಾದಲ್ಲಿ ಇದೇ 'ಯಾವಾಗ' ಎಂಬ ಪ್ರಶ್ನೆ ಒಂದು ನಗರದ ಒಗಟನ್ನೇ ಬಿಡಿಸಿತು. 1981ರಿಂದ ಅಲ್ಲಿ ಕೆಲವು ದಿನ ಇದ್ದಕ್ಕಿದ್ದಂತೆ ಅಸ್ತಮಾ ರೋಗಿಗಳು ಗುಂಪುಗುಂಪಾಗಿ ತುರ್ತು ವಿಭಾಗಕ್ಕೆ ಬರುತ್ತಿದ್ದರು. ಸಂಶೋಧಕ ಆಂಟೊ ಮತ್ತು ಜೊತೆಗಾರರು ಆ ದಿನಗಳನ್ನು ಬಂದರಿನ ಹಡಗುಗಳ ದಾಖಲೆಯ ಪಕ್ಕ ಇಟ್ಟು ನೋಡಿದರು. 1985 ಮತ್ತು 1986ರ ಅಂಥ 13 ದಿನಗಳಲ್ಲಿ ಎಲ್ಲಾ 13 ದಿನವೂ ಸೋಯಾ ಇಳಿಸುತ್ತಿದ್ದರು. ಒಂದು ಉಗ್ರಾಣದ ಮೇಲೆ ಧೂಳು ತಡೆಯುವ ಫಿಲ್ಟರ್ ಇರಲಿಲ್ಲ. ಅದನ್ನು ಹಾಕಿದ ಮೇಲೆ ಆ ಹಾವಳಿ ನಿಂತಿತು. 1989ರಲ್ಲಿ ಬಂದ ಈ ವರದಿಯನ್ನು ಒಮ್ಮೆ ಓದಲೇಬೇಕು. ದೊಡ್ಡ ಯಂತ್ರಕ್ಕಿಂತ ಎರಡು ದಿನಚರಿಗಳನ್ನು ಅಕ್ಕಪಕ್ಕ ಇಟ್ಟದ್ದು ಅಲ್ಲಿ ಕೆಲಸ ಮಾಡಿದೆ.

ಸಮೀಕ್ಷೆಯಲ್ಲಿ ಕಾಣದವರು

ಒಂದು ಕಾರ್ಖಾನೆಗೆ ಹೋಗಿ ಇವತ್ತು ಅಲ್ಲಿರುವ ಎಲ್ಲರನ್ನೂ ಪರೀಕ್ಷಿಸಿದರೆ ಕಡಿಮೆ ಜನರಿಗೆ ಉಬ್ಬಸ ಸಿಗಬಹುದು. ಉಸಿರು ಕಟ್ಟಿದವರು ಮೊದಲೇ ಕೆಲಸ ಬಿಟ್ಟಿರುತ್ತಾರೆ. ಉಳಿದವರು ತಡೆದುಕೊಂಡವರು. ಸಂಶೋಧನೆಯಲ್ಲಿ ಇದನ್ನು ಆರೋಗ್ಯವಂತ ಕಾರ್ಮಿಕರ ಪರಿಣಾಮ ಎನ್ನುತ್ತಾರೆ. ನಮ್ಮಲ್ಲಿ ಇದು ಇನ್ನೂ ಜಾಸ್ತಿ, ಏಕೆಂದರೆ ಕೆಲಸವೇ ಸೀಸನ್‌ದು. ಕೊಯ್ಲು ಮುಗಿದು ಕ್ಯೂರಿಂಗ್ ಕೆಲಸ ಇಳಿದ ಮೇಲೆ ಹೊರ ಊರಿನವರು ಹೊರಟುಹೋಗುತ್ತಾರೆ. ಮಳೆಗಾಲದಲ್ಲಿ ಸಮೀಕ್ಷೆ ಮಾಡಿದರೆ ಧೂಳೂ ಇಲ್ಲ, ರೋಗಿಯೂ ಇಲ್ಲ. ಸೀಸನ್‌ಗೆ ಮೊದಲು ಒಮ್ಮೆ, ನಡುವೆ ಒಮ್ಮೆ ಅದೇ ಜನರನ್ನು ನೋಡಬೇಕು. ಕಳೆದ ವರ್ಷದ ಹಾಜರಿ ಪುಸ್ತಕ ಹಿಡಿದು ಈ ವರ್ಷ ಬಾರದವರ ಮನೆಗೂ ಹೋಗಬೇಕು. ಕಷ್ಟದ ಕೆಲಸ. ಆದರೆ ಹಾಗೆ ಮಾಡದ ಅಧ್ಯಯನದ ಅಂಕಿಯನ್ನು ನಾನು ನಂಬುವುದಿಲ್ಲ.

ಬೇಗ ಗುರುತಿಸುವುದಕ್ಕೆ ಇನ್ನೊಂದು ಕಾರಣವಿದೆ. ಕಾರಣವಾದ ಧೂಳಿನಿಂದ ಪೂರ್ತಿ ದೂರ ಹೋದವರಲ್ಲೂ ಸುಮಾರು ಮೂರನೇ ಒಂದು ಭಾಗದವರಿಗೆ ಮಾತ್ರ ಲಕ್ಷಣಗಳು ಪೂರ್ತಿ ಹೋಗುತ್ತವೆ. ಲಕ್ಷಣ ಶುರುವಾಗಿ ಹೆಚ್ಚು ಕಾಲ ಅಲ್ಲೇ ಇದ್ದಷ್ಟೂ ವಾಸಿಯಾಗುವ ಅವಕಾಶ ಕಡಿಮೆ. ಆದರೆ ಕೂಲಿಯವರಿಗೆ 'ಕೆಲಸ ಬಿಡಿ' ಎನ್ನುವುದು ಔಷಧ ಅಲ್ಲ. ಅದೇ ಕಾರ್ಖಾನೆಯಲ್ಲಿ ಧೂಳಿಲ್ಲದ ಕೆಲಸ ಸಿಗುತ್ತದೆಯೇ ಎಂದು ಮೊದಲು ಕೇಳಬೇಕು.

ಕಲ್ಲಿನ ಕೆಲಸದ ಬಗ್ಗೆ ಎರಡೇ ಮಾತು. ಗ್ರಾನೈಟ್‌ನಲ್ಲಿ ಸ್ಫಟಿಕ ಸಿಲಿಕಾ ಜಾಸ್ತಿ. ಕ್ರಷರ್ ಮತ್ತು ಕ್ವಾರಿಯ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು ಶ್ವಾಸಕೋಶದ ಆಳಕ್ಕೆ ಇಳಿದು ಗಾಯದ ಕಲೆ ಮಾಡುತ್ತದೆ. ಅದೇ ಸಿಲಿಕೋಸಿಸ್. ಇಲ್ಲಿ ರಜೆ ಸಿಕ್ಕರೂ ಉಸಿರು ಸುಧಾರಿಸುವುದಿಲ್ಲ, ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಹುದು, ಕ್ಷಯ ಅಂಟುವ ಅಪಾಯವೂ ಹೆಚ್ಚು. ಕ್ವಾರಿ ಕೆಲಸಗಾರರ ಕೆಮ್ಮಿಗೆ ಕಫ ಪರೀಕ್ಷೆ ಮತ್ತು ಎಕ್ಸ್‌ರೇ ಎರಡೂ ಬೇಕು.

ಕೊನೆಯದಾಗಿ ಮುಖಕ್ಕೆ ಸುತ್ತುವ ಟವೆಲ್. ಅದು ದಪ್ಪ ಧೂಳನ್ನು ತಡೆಯುತ್ತದೆ, ತೊಂದರೆ ಕೊಡುವ ಸಣ್ಣ ಧೂಳನ್ನು ಬಿಟ್ಟುಬಿಡುತ್ತದೆ. ಮೂಟೆ ಸುರಿಯುವ ಜಾಗಕ್ಕೆ ಮುಚ್ಚಳ, ಹಲ್ಲರ್ ಬಾಯಿಗೆ ಗಾಳಿ ಎಳೆಯುವ ಕೊಳವೆ, ಪೊರಕೆಯ ಬದಲು ವ್ಯಾಕ್ಯೂಮ್, ಕಲ್ಲು ಕೊರೆಯುವಲ್ಲಿ ನೀರು: ಇವು ಮೊದಲು. ಸರಿಯಾಗಿ ಮುಖಕ್ಕೆ ಕೂರುವ ಎನ್-95 ಮಾಸ್ಕ್ ಇವೆಲ್ಲ ಆದ ಮೇಲೆ. ಕ್ಷೇತ್ರ ಭೇಟಿಗೆ ಹೋದಾಗ ಕಾರ್ಮಿಕರಿಗೆ ಮಾಸ್ಕ್ ಕೊಟ್ಟಿದ್ದಾರಾ ಎಂದು ಕೇಳುವ ಮುಂಚೆ, ಕಸ ಗುಡಿಸುವುದು ಹೇಗೆ, ಎಷ್ಟು ಹೊತ್ತಿಗೆ, ಆಗ ಒಳಗೆ ಯಾರಿರುತ್ತಾರೆ ಎಂದು ನೋಡಿ ಬರೆದುಕೊಳ್ಳಿ.